ಯಾರಿಂದ ಬಿಡುಗಡೆ

ನವೆಂಬರ್ 16, ಭಾನುವಾರ

ಮತ್ತೆ ಅದೇ ‘ಬಿಡುಗಡೆ’. ಅಬ್ಬಿಗೆರೆಯಲ್ಲಿ ಮನೆಕೂಟದ ಪ್ರಾರ್ಥನೆ ಇತ್ತು. ನನ್ನ ಮಗ ಜೀವನ್ ಪ್ರೀತಿಸ್ತಿರೋದು ಒಬ್ಬ ಗಂಡಸನ್ನ ಅಂತ ಗೊತ್ತಾದಾಗಿನಿಂದ, ಸಭೆಯ ಹಿರಿಯರು ದಾನಿಯೇಲಪ್ಪನವರು ಕುಡುಕರ ಹೆಸರಿನ ಜೊತೆ ಅವನ ಹೆಸರೂ ಸೇರಿಸಿ ಪಾಪದ ಕಟ್ಟಿನಿಂದ ಬಿಡುಗಡೆ ಬೇಡ್ತಾರೆ. ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು, ಇವರ ಪ್ರಾರ್ಥನೆ ಮಾತ್ರ ತಾತನ ಕಾಲದ್ದೇ. ಆ ಕೀಬೋರ್ಡ್ ನುಡಿಸೋನೂ ನನ್ನ ಮಗನೇ!

ಇವತ್ತು ಅವನು ಎದ್ದು ನಿಂತ. “ಅಂಕಲ್, ನನ್ನನ್ನ ಕಟ್ಟಿಹಾಕಿರೋದು ಯಾರು ಹೇಳಿ, ಆಮೇಲೆ ಬಿಡಿಸೋರಂತೆ. ಯೇಸು ಅಂತೂ ಅಲ್ಲ.” ದನಿ ಒಂಚೂರೂ ನಡುಗಲಿಲ್ಲ. ನನ್ನ ಹೊಟ್ಟೇಲಿ ಹುಟ್ಟಿದವನು!

ಕೂಟಕ್ಕೆ ಕೂಟವೇ ತಲೆ ತಗ್ಗಿಸ್ತು. ಸೆರಗು ತಲೆ ಮೇಲೆ ಎಳ್ಕೊಂಡು ನಾನೊಬ್ಬಳೇ ಅವನ ಮಾತಿಗೆ ಜೋರಾಗಿ ‘ಆಮೆನ್’ ಅಂದೆ. ಗಂಟಲು ಇನ್ನೂ ಉರೀತಿದೆ. ಉರೀಲಿ.