ಪ್ರಸಾದ ಊಟವಲ್ಲ

ನ್ಯೂ ಬ್ರನ್ಸ್‌ವಿಕ್
ಭಾನುವಾರ, ಅಕ್ಟೋಬರ್ 20

ಅಮ್ಮಾ,

‘ನಾನು ಇಲ್ಲಿ ಕ್ಷೇಮ’ ಅಂತ ಶುರು ಮಾಡುವುದಿಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ಪ್ರತಿ ಭಾನುವಾರ ಅದನ್ನೇ ಬರೆಸುತ್ತಿದ್ದರು, ವಾರ್ಡನ್ ಓದಿ ನೋಡಿದ ಮೇಲೆಯೇ ಕವರ್ ಅಂಟಿಸುತ್ತಿದ್ದರು. ಫೋನಿನಲ್ಲಾದರೆ ನೀನು ಮಧ್ಯದಲ್ಲೇ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ಕನ್ನಡದಲ್ಲಿ ತಪ್ಪಿದ್ದರೆ ಸಾರಿ.

ವೇದ್‌ಗೆ ಸುಳ್ಳು ಹೇಳು ಅಂತ ನೀನೇ ಅಂದದ್ದು. ‘ಅಕ್ವೇರಿಯಮ್‌ಗೆ ಹೋಗ್ತಿದೀವಿ ಅನ್ನು, ಅಕ್ಕ ಹೇಳಿದ್ರೆ ನಂಬ್ತಾನೆ’ ಅಂದೆ. ನಾನು ಹೇಳಲಿಲ್ಲ. ಮೀನು ನೋಡಲು ಹೊರಟ ಆರು ವರ್ಷದ ಹುಡುಗನ ಮುಖದ ಮೇಲೆ ಆಸ್ಪತ್ರೆಯಲ್ಲಿ ನಿದ್ದೆಯ ಮಾಸ್ಕ್ ಒತ್ತಿದರೆ ಆಮೇಲೆ ಅವನು ಯಾರನ್ನು ನಂಬಬೇಕು? ಎರಡು ವೀಕೆಂಡ್ ಮನೆಗೆ ಬಂದು ನಾನೇ ಅವನನ್ನು ತಯಾರು ಮಾಡಿದೆ. ತೊಡೆಯ ರಕ್ತನಾಳದೊಳಗಿಂದ ಶಾವಿಗೆಯಷ್ಟು ತೆಳ್ಳಗಿನ ಟ್ಯೂಬ್ ಹೃದಯದ ತನಕ ಹೋಗುತ್ತೆ, ಅಲ್ಲಿರುವ ತೂತನ್ನು ಮುಚ್ಚುತ್ತೆ ಅಂದೆ. ‘ಒನ್ ಶಾವಿಗೆ ಆರ್ ಟೂ?’ ಅಂತ ಕೇಳಿದ. ಆಸ್ಪತ್ರೆಯವರು ಕೊಟ್ಟ ಮಾಸ್ಕನ್ನು ಸರದಿಯಲ್ಲಿ ಹಾಕಿಕೊಂಡೆವು. ಎಚ್ಚರವಾದ ಮೇಲೆ ಕಾಲು ಅಲ್ಲಾಡಿಸಬಾರದಲ್ಲ, ಅದನ್ನು ಸೋಫಾ ಮೇಲೆ ಪ್ರಾಕ್ಟೀಸ್ ಮಾಡಿದ. ಕಚಗುಳಿ ಇಟ್ಟರೂ ಅಲ್ಲಾಡಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಯಲ್ಲಿ ಹೇಳಿದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮದ್ದಿನ ನಿದ್ದೆಯಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. ನರ್ಸ್ ಕೇಳಿದಾಗ ನಿಜ ಹೇಳಬೇಕು, ಯಾರು ಏನೇ ಅಂದರೂ. ಪಿಂಕಿ ಪ್ರಾಮಿಸ್ ಮಾಡಿದ.

ಮಂಗಳವಾರ ಆಸ್ಪತ್ರೆಯಲ್ಲಿ ಅವನು ಆ ಮಾತು ಉಳಿಸಿಕೊಂಡ. ಅಷ್ಟೇ ಅವನು ಮಾಡಿದ್ದು.

‘ಏನಾದರೂ ತಿಂದಿದ್ದಾನಾ’ ಅಂತ ನರ್ಸ್ ಕೇಳಿದಾಗ ನೀನು ‘ನಥಿಂಗ್’ ಅಂದೆ. ಅವನು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದ. ‘ಐ ಹ್ಯಾಡ್ ಮಿಲ್ಕ್ ಅಂಡ್ ಬನಾನಾ. ಇನ್ ದ ಕಾರ್.’ ನೀನು ನಗುತ್ತಲೇ, ‘ಸುಮ್ನಿರೋ, ಅದು ಪಂಚಾಮೃತ, ದೇವರ ಪ್ರಸಾದ. ಊಟ ಅಲ್ಲ’ ಅಂದೆ. ನೀನು ಭಕ್ತಿಯಿಂದಲೇ ಎರಡು ಸ್ಪೂನ್ ಕೊಟ್ಟೆ ಅಂತ ನಾನೂ ನಂಬುತ್ತೇನೆ. ಆದರೆ ಆಮೇಲೆ ನರ್ಸ್ ಕಡೆ ತಿರುಗಿ, ‘ಹೀ ಮೇಕ್ಸ್ ಅಪ್ ಸ್ಟೋರೀಸ್’ ಅಂದೆಯಲ್ಲ, ಅದರಲ್ಲಿ ಯಾವ ದೇವರಿದ್ದ? ವೇದ್ ನನ್ನ ಮುಖ ನೋಡಿದ. ಪಂಚಾಮೃತದಲ್ಲಿ ಏನೇನಿರುತ್ತೆ ಅಂತ ನಾನೇ ನರ್ಸ್‌ಗೆ ಹೇಳಿದೆ. ಪ್ರೊಸೀಜರ್ ನವೆಂಬರ್ 12ಕ್ಕೆ ಮುಂದೆ ಹೋಯಿತು.

ಪಾರ್ಕಿಂಗ್ ಗರಾಜಿನಲ್ಲಿ ಕಾರಿನ ಬಾಗಿಲು ಹಾಕಿದ ತಕ್ಷಣ ನೀನು ಅವನ ಕೆನ್ನೆಗೆ ಹೊಡೆದೆ. ‘ಎಲ್ಲರ ಎದುರು ಅಮ್ಮನ ಮಾನ ತೆಗೀತೀಯಾ?’ ಅಪ್ಪ ಪಾರ್ಕಿಂಗ್ ಟಿಕೆಟ್ ಹುಡುಕುತ್ತಿದ್ದರು. ಅವರ ಕೈಯಲ್ಲೇ ಇತ್ತು. ವೇದ್ ಅಳಲಿಲ್ಲ. ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ ಹಾಗೇ ಇತ್ತು, ಎಡಿಸನ್‌ನ ಮನೆ ಬರುವ ತನಕ ಕಾಲು ನೆಟ್ಟಗೆ ಚಾಚಿಕೊಂಡು, ಅಲ್ಲಾಡದೆ ಕೂತಿದ್ದ.

ನನಗೆ ಅಂದದ್ದು ಬೇರೆ. ‘ಹಾಸ್ಟೆಲಲ್ಲಿ ಬೆಳೆದೋಳು, ಮನೆ ಮಾನ ಏನು ಗೊತ್ತು ನಿಂಗೆ?’ ಅವನು ಹುಟ್ಟಿದಾಗ ‘ಇಬ್ಬರನ್ನ ನೋಡ್ಕೊಳ್ಳೋಕಾಗಲ್ಲ’ ಅಂತ ಹನ್ನೆರಡು ವರ್ಷದವಳನ್ನು ಅಲ್ಲಿ ಬಿಟ್ಟು ಬಂದವಳು ನೀನು. ಅದಕ್ಕೆ ನನಗೆ ಸಿಟ್ಟಿಲ್ಲ ಅಂತ ಬರೆದಿದ್ದರೆ ವಾರ್ಡನ್ ಪಾಸ್ ಮಾಡುತ್ತಿದ್ದರು.

ಸಂಜೆ ನೀನು ವಿಭಾ ಆಂಟಿಗೆ ಫೋನಿನಲ್ಲಿ, ‘ಡಾಕ್ಟರ್‌ಗೆ ಏನೋ ಎಮರ್ಜೆನ್ಸಿ ಬಂತಂತೆ’ ಅಂದೆ. ವೇದ್ ನಿನ್ನ ಪಕ್ಕದಲ್ಲೇ ಬಣ್ಣ ಹಚ್ಚುತ್ತಿದ್ದ. ತಲೆ ಎತ್ತಿ ಕೇಳಿಸಿಕೊಂಡ.

ಗುರುವಾರ ಕೆಮಿಸ್ಟ್ರಿ ಮಿಡ್‌ಟರ್ಮ್‌ನಲ್ಲಿ ನನ್ನ ಹೆಸರು ಮಾತ್ರ ಬರೆದು ಎದ್ದು ಬಂದೆ. ಅಪ್ಪನಿಗೆ ಹೇಳಬೇಡ. ಹೇಳಿದರೂ ಹೇಳು.

ಅವನು ನಿದ್ದೆಗೆ ಹೋಗುವ ತನಕ ಒಬ್ಬರು ಮಾತ್ರ ಒಳಗೆ ಇರಬಹುದು ಅಂತ ಆಸ್ಪತ್ರೆಯವರು ಅಂದಿದ್ದಾರೆ. 12ನೇ ತಾರೀಕು ಆ ಒಬ್ಬರು ನಾನು. ಒಪ್ಪದಿದ್ದರೆ ನಾನೇ ಆಸ್ಪತ್ರೆಗೆ ಫೋನ್ ಮಾಡುತ್ತೇನೆ. ಈ ಹುಡುಗನನ್ನು ಅಮ್ಮ ಇಲ್ಲದಾಗ ಕೇಳಿ, ಅಮ್ಮನ ಮಾತು ನಂಬಬೇಡಿ ಅಂತೇನೆ. ನಿನ್ನ ಮಾನ ಆಗ ನಿಜವಾಗಿಯೂ ಹೋಗುತ್ತೆ. ನನಗೆ ಅದರಿಂದ ಬೇಜಾರಾಗುವುದಿಲ್ಲ.

ನಿನ್ನ ಮಗಳು, ಬೇಡವೆಂದರೂ,
ಅವನಿ

ತಾ.ಕ.: ಕಾಗದ ಮಡಿಸುವ ಮುಂಚೆ ವೇದ್‌ಗೆ ವಿಡಿಯೋ ಕಾಲ್ ಮಾಡಿದ್ದೆ. ನೀನು ಅವನ ಬೆನ್ನ ಹಿಂದೆ ನಿಂತು ತುತ್ತು ಕಲೆಸುತ್ತಿದ್ದೆ. ಇನ್ನೊಮ್ಮೆ ಪ್ರಾಕ್ಟೀಸ್ ಆಗಲಿ ಅಂತ ನಾನು ನರ್ಸ್ ದನಿಯಲ್ಲಿ ಕೇಳಿದೆ, ‘ವೇದ್, ಏನಾದ್ರೂ ತಿಂದ್ಯಾ?’ ಬಾಯಿ ತುಂಬ ಮೊಸರನ್ನ ಇತ್ತು. ಹಿಂದೆ ತಿರುಗಿ ನಿನ್ನ ಮುಖ ನೋಡಿದ. ನುಂಗಿದ. ‘ನಥಿಂಗ್’ ಅಂದ. ನೀನು ಅವನ ತಲೆ ಸವರಿ ‘ಜಾಣಮರಿ’ ಅಂದದ್ದು ನನಗೆ ಕೇಳಿಸಿತು.