ಕರೆಪ್ಪನ ಬೇವಿನ ಗಿಡ

ಜೂನ್ ೧೨, ಗುರುವಾರ

ಇವತ್ತು ಆ ಮಾತು ನನ್ನ ಬಾಯಿಂದ ಹೊರಡಲೇ ಇಲ್ಲ.

ಮರ ಕಡಿಯುವ ದಂಧೆ ನಾನೂ ಕರೆಪ್ಪನೂ ಸೇರಿ ಮಾಡಿದ್ದು. ಕಡಿಯುವ ಹಿಂದಿನ ಸಂಜೆಯೇ ಹೋಗಿ ಮರಕ್ಕೆ ಹೇಳಿ ಬರುವುದು ಅವನ ಪದ್ಧತಿ. ಬೊಡ್ಡೆಯ ಮೇಲೆ ಅಂಗೈ ಇಟ್ಟು, "ನಾಳೆ ಬರ್ತೀವಿ, ಸಿಟ್ಟ ಮಾಡಬ್ಯಾಡವ್ವಾ" ಅನ್ನುತ್ತಿದ್ದ. ಅಥಣಿ ರಸ್ತೆಯ ಬಂಗಲೆಯವರು ನಕ್ಕರೂ ಬಿಡುತ್ತಿರಲಿಲ್ಲ. ಹೋದ ತಿಂಗಳು ಇಟ್ಟಂಗಿಹಾಳದಲ್ಲಿ ಟೊಂಗೆ ಮುರಿದು ಬಿದ್ದ ಕರೆಪ್ಪ ಮತ್ತೆ ಏಳಲಿಲ್ಲ.

ಮೊನ್ನೆಯ ಗಾಳಿಗೆ ಸಾರವಾಡದಲ್ಲಿ ಅವನದೇ ಅಂಗಳದ ಬೇವು ಸೀಳಿ, ಮನೆಯ ತಗಡಿನ ಮೇಲೆ ವಾಲಿದೆ. ಅದನ್ನು ಕಡಿಯಲು ಅವನ ಹೆಂಡತಿ ಪರಸವ್ವ ನನ್ನನ್ನೇ ಕರೆಸಿದಳು. ಸಂಜೆ ಹೋಗಿ ಬೊಡ್ಡೆ ಮುಟ್ಟಿದೆ. ಇಟ್ಟ ಕೈ ಹಾಗೇ ಹಿಂದಕ್ಕೆ ತೆಗೆದುಕೊಂಡೆ.

ಬಾಗಿಲಲ್ಲಿ ನಿಂತಿದ್ದ ಪರಸವ್ವ ಬಂದು ತಾನೇ ಕೈ ಇಟ್ಟಳು. "ನಾಳೆ ಬರ್ತಾರ, ಸಿಟ್ಟ ಮಾಡಬ್ಯಾಡವ್ವಾ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಗಿಡಕ್ಕ ಒಂದ ದಿನಾ ಮೊದಲ ಹೇಳ್ತೀರಿ. ನನಗ ಯಾರೂ ಹೇಳಲಿಲ್ಲಲ್ರಿ ಅಣ್ಣಾರ."

ಚಹಾ ಕೊಟ್ಟಳು. ಕುಡಿದೆನೋ ಬಿಟ್ಟೆನೋ ನೆನಪಿಲ್ಲ.

ಅವನು ಏರಿದಾಗಲೆಲ್ಲ ಕೆಳಗೆ ಹಗ್ಗ ಹಿಡಿಯುತ್ತಿದ್ದವನು ನಾನು. ನಾಳೆ ನಾನು ಏರಬೇಕು. ಹಗ್ಗ ತಾನೇ ಹಿಡಿಯುತ್ತೇನೆ ಎಂದಿದ್ದಾಳೆ.