ಲಿವರ್ ಮೇಲಿದ್ದ ಎರಡು ಬೆರಳು

ಮಂಗಳವಾರ, ಹದಿನಾಲ್ಕನೇ ತಾರೀಕು
ಅಂಗಡಿ, ಮಧ್ಯಾಹ್ನ

ಪ್ರೀತಿಯ ಬುಗುರಿಗೆ,

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ನಿನ್ನ ಸೈಕಲ್ ಹತ್ತಿ ಬೆಟ್ಟದ ತುದಿಯಿಂದ ಕೆಳಗಿನ ಗೇಟಿನವರೆಗೆ ಇಳಿದೆ. ದೂರ ನಾಲ್ಕು ಕಿಲೋಮೀಟರ್ ಇನ್ನೂರು ಮೀಟರ್. ಹಿಡಿದ ಸಮಯ ಒಂದು ಗಂಟೆ ಹದಿನೆಂಟು ನಿಮಿಷ. ಇದೇ ದಾರಿಯನ್ನು ನೀನು ಹನ್ನೊಂದು ನಿಮಿಷದಲ್ಲಿ ಇಳಿಯುತ್ತಿದ್ದೆ, ಗೊತ್ತಿದೆ, ನೆನಪಿಸಬೇಡ. ಎಡ ಮೊಣಕೈ ತರಚಿದೆ. ಮೂಳೆಗಳೆಲ್ಲ ಇದ್ದಲ್ಲೇ ಇವೆ.

ಸುದ್ದಿಯನ್ನು ಅಮ್ಮ ಆಗಲೇ ಫೋನಿನಲ್ಲಿ ಮುಟ್ಟಿಸಿದ್ದಾಳೆ. ಅವಳು ಹೇಳಿದ್ದು ನನಗೂ ಕೇಳಿಸಿತು, ಕೇಳಿಸಲೆಂದೇ ಹೇಳಿದ್ದು: "ಅರವತ್ತಕ್ಕೆ ಅರಳುಮರಳು ಅಂತಾರೆ ಕಣೇ, ನಿಮ್ಮಪ್ಪಂಗೆ ಐವತ್ತಾರಕ್ಕೇ ಬಂದ್ಬಿಟ್ಟಿದೆ. ಎಲ್ಲದ್ರಲ್ಲೂ ಲೇಟು, ಇದ್ರಲ್ಲಿ ಮಾತ್ರ ನಾಲ್ಕು ವರ್ಷ ಮುಂಚೆ." ಅವಳ ವರದಿಗೆ ನನ್ನದೊಂದು ತಿದ್ದುಪಡಿ ಇದೆ. ನಾನು ಮೂರು ಸಲ ಬಿದ್ದೆ ಎಂದಳಲ್ಲ, ಅದು ಸರಿಯಲ್ಲ. ಬಿದ್ದದ್ದು ಎರಡು ಸಲ. ಮೂರನೆಯದು ಬಿದ್ದದ್ದಲ್ಲ, ಸುಸ್ತಾಗಿ ಕೂತದ್ದು.

ನಿನ್ನ ಪತ್ರ ಬಂದು ಹದಿಮೂರು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ಇರಲಿಲ್ಲ. ಅಂಗಡಿಯಲ್ಲಿ ಎರಡು ಪಂಕ್ಚರ್, ಒಂದು ವಕ್ರವಾದ ಚಕ್ರ, ಅಷ್ಟೇ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ನಿಮ್ಮಮ್ಮ ದಿನಾ ಸಂಜೆ ಬಂದು, "ಊರಿಗೆಲ್ಲಾ ಕಾಗದ ಮುಟ್ಟಿಸೋ ಮನೇಲಿ ಮಗಳ ಕಾಗದಕ್ಕೆ ಉತ್ತರ ಇಲ್ಲ" ಎನ್ನುತ್ತಿದ್ದಳು. ಬರೆಯಲು ಕೂರುತ್ತಿದ್ದೆ, ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ.

ನೀನು ಎರಡು ವಿಷಯ ಬರೆದಿದ್ದೆ. ಒಂದು, ಸೈಕಲ್ ಮಾರಿಬಿಡಿ ಎಂದು. ಇನ್ನೊಂದು, ನಿನ್ನ ಊರಿನ ಸೈಕಲ್ ತರಬೇತಿ ಶಾಲೆಯವರು ಹೊಸಬರಿಗೆ ಇಳಿಜಾರು ಕಲಿಸಲು ನಿನ್ನನ್ನು ಕರೆದಿದ್ದಾರೆ, ಹದಿನೆಂಟರ ಶನಿವಾರದೊಳಗೆ ಉತ್ತರ ಕೊಡಬೇಕು, ಆಗುವುದಿಲ್ಲ ಎಂದು ಹೇಳಲಿದ್ದೀಯ ಎಂದು. "ಹೆದರಿ ಬ್ರೇಕ್ ಹಿಡಿಯೋದನ್ನೇ ಮರೆತವಳು ಮಕ್ಕಳಿಗೆ ಏನು ಕಲಿಸಲಿ ಅಪ್ಪಾ" ಎಂದು ಬರೆದಿದ್ದೆ. ಆ ಒಂದು ಸಾಲನ್ನು ನಾನು ಬಹಳ ಸಲ ಓದಿದೆ. ಇಡೀ ದಿನ ಕನ್ನಡಕದ ಗಾಜು ಉಜ್ಜುವ ನಿನ್ನ ಈಗಿನ ಕೆಲಸ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಿನ್ನ ಗಾಜಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ, ಅಕ್ಷರ ಚೆನ್ನಾಗಿ ಕಾಣುತ್ತಿದೆ. ಆದರೆ ಆ ಸಾಲು ಸರಿಯಿಲ್ಲ.

ಸೈಕಲನ್ನು ಮಾರಿಲ್ಲ. ಓಡಿಸಿ ನೋಡದೆ ಯಾವ ಸೈಕಲನ್ನೂ ಕೊಡುವುದು ನಮ್ಮ ಅಂಗಡಿಯ ಪದ್ಧತಿಯಲ್ಲ ಎಂದು ಅಮ್ಮನಿಗೆ ಹೇಳಿದೆ. "ಅದಕ್ಕೆ ಬೀದಿ ತುದೀವರೆಗೂ ಹೋದ್ರೆ ಸಾಲ್ದಾ, ಬೆಟ್ಟದ ತುದೀಗೇ ಹೋಗ್ಬೇಕಾ?" ಎಂದಳು. ಪ್ರಶ್ನೆ ನ್ಯಾಯವಾದದ್ದೇ. ನಾನು ಹೆಲ್ಮೆಟ್ ಹುಡುಕುವವನಂತೆ ಒಳಗೆ ಹೋದೆ.

ಮೂವತ್ತು ವರ್ಷ ಆ ಬೆಟ್ಟದ ಬುಡದಲ್ಲಿ ಸೈಕಲ್ ರಿಪೇರಿ ಮಾಡಿದ್ದೇನೆ. ಮೇಲಿಂದ ಬಂದ ಬಾಗಿದ ಹ್ಯಾಂಡಲ್, ಒಡೆದ ಪೆಡಲ್, ಹರಿದ ಟೈರ್ ನೋಡಿ ದಾರಿ ಹೀಗಿರಬಹುದು ಎಂದುಕೊಂಡಿದ್ದೆ. ಏಟು ಬಿದ್ದವರ ಮುಖ ನೋಡಿ ಜಗಳದ ಕಾರಣ ಊಹಿಸಿದ ಹಾಗೆ. ಊಹೆ ಬಹಳಷ್ಟು ತಪ್ಪಾಗಿತ್ತು.

ತಂತಿಯ ಮೇಲೆ ಸಾಗುವ ತೊಟ್ಟಿಲು ಗಾಡಿಯಲ್ಲಿ ಮೇಲೆ ಹೋದೆ. ಸೈಕಲನ್ನು ಹಿಂದಿನ ಕೊಕ್ಕೆಗೆ ನೇತುಹಾಕುವ ಕೆಲಸದವನು ನನ್ನ ಬಿಳಿ ತಲೆ ನೋಡಿ, "ಯಜಮಾನ್ರೇ, ಯಾರಿಗೆ ಡೆಲಿವರಿ?" ಎಂದ. "ನನಗೇ" ಎಂದೆ. ಅವನು ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

ಮೇಲೆ ಗುದ್ದಲಿ ಅಕ್ಕ ಕಾಯುತ್ತಿದ್ದಳು. ದಾರಿ ಕಡಿದು, ಒಡ್ಡು ಕಟ್ಟಿ, ಬೇರು ಸವರಿ ಕಾಯುವ ಆಕೆ ನಿನಗೆ ಗೊತ್ತು. ಕಾಲ ಕಳೆದಿದೆ, ಆಕೆ ಬದಲಾಗಿಲ್ಲ: ಅದೇ ಗುದ್ದಲಿ, ಅದೇ ಮೊಣಕಾಲುದ್ದ ಬೂಟು. ತನ್ನ ಸೈಕಲ್‌ನಲ್ಲಿ ಮುಂದೆ ಹೋಗಿ ನನಗೆ ದಾರಿ ತೋರಿಸಲು ಒಪ್ಪಿದ್ದಳು.

"ಅಣ್ಣಾ, ಸೀಟು ಪೂರ್ತಿ ಕೆಳಗಿಳಿಸಿ. ಅದು ಕೂರೋಕಲ್ಲ, ಇದೆ ಅಂತ ಸಮಾಧಾನಕ್ಕೆ" ಎಂದಳು. "ಪೆಡಲ್ ಎರಡೂ ಸಮ ಇರ್ಲಿ. ಹಿಮ್ಮಡಿ ಕೆಳಗೆ. ಮೊಣಕೈ ಹೊರಗೆ. ಚಕ್ರ ನೋಡ್ಬೇಡಿ, ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡಿ."

"ಎಲ್ಲಿಗೆ ಹೋಗ್ಬೇಕು?"

"ಮನೆಗೆ" ಎಂದಳು.

ತುದಿಯ ಮೊದಲ ಇನ್ನೂರು ಮೀಟರ್ ಸಡಿಲ ಜಲ್ಲಿ. ಚಕ್ರದ ಕೆಳಗೆ ಯಾರೋ ಕಡಲೆ ಹುರಿಯುತ್ತಿರುವಂಥ ಸದ್ದು. ಅಲ್ಲಿ ಬ್ರೇಕ್ ಗಟ್ಟಿ ಹಿಡಿದೆ, ಹಿಂದಿನ ಚಕ್ರ ತನ್ನ ಪಾಡಿಗೆ ಪಕ್ಕಕ್ಕೆ ಹೊರಟಿತು, ನಾನು ಇನ್ನೊಂದು ಪಕ್ಕಕ್ಕೆ. ಮೊದಲ ಸಲ ಬಿದ್ದದ್ದು ಅಲ್ಲಿ. "ಹಸುವಿನ ಹಾಲು ಕರೆಯೋ ಹಾಗೆ ಹಿಂಡ್ಬೇಡಿ ಅಣ್ಣಾ, ಒಂದೇ ಬೆರಳು, ಮೆತ್ತಗೆ" ಎಂದು ಅಕ್ಕ ಕೆಳಗಿನಿಂದ ಕೂಗಿದಳು. ಆಮೇಲೆ ಎಡಬಲ ತಿರುವುಗಳು ಏಳು. ತಿರುವಿನ ಹೊರಗೋಡೆಯಂಥ ಮಣ್ಣಿನ ಒಡ್ಡನ್ನು ನಂಬಿ ಸೈಕಲನ್ನು ಅದರ ಮೇಲೆ ಮಲಗಿಸಬೇಕು. ಮೊದಲ ಮೂರರಲ್ಲಿ ನಂಬಿಕೆ ಬರಲಿಲ್ಲ, ಇಳಿದು ತಳ್ಳಿದೆ. ನಾಲ್ಕನೆಯದರಲ್ಲಿ ಮಲಗಿಸಿದೆ. ಒಡ್ಡು ಹಿಡಿದು ತಿರುಗಿಸಿ ಕಳಿಸಿತು. ನಿಜ ಹೇಳುತ್ತೇನೆ ಬುಗುರಿ, ನಾನು ಜೋರಾಗಿ ನಕ್ಕೆ. ನೀನು ಮನೆಗೆ ಕೆಸರು ಮೆತ್ತಿಕೊಂಡು ಬಂದು, ಅಮ್ಮ ಬೈಯುತ್ತಿದ್ದರೂ ಹಲ್ಲು ಕಿರಿಯುತ್ತಾ ನಿಲ್ಲುತ್ತಿದ್ದೆಯಲ್ಲ, ಏಕೆಂದು ಇಷ್ಟು ವರ್ಷದ ಮೇಲೆ ತಿಳಿಯಿತು.

ಕಾಡಿನೊಳಗೆ ಬೇರುಗಳು. ಹಾವಿನ ಸಂಸಾರ ಬಿಸಿಲು ಕಾಯಲು ಮಲಗಿದ ಹಾಗೆ ಅಡ್ಡಡ್ಡ. ಅವನ್ನು ನೇರವಾಗಿ ದಾಟಬೇಕು, ಓರೆಯಾಗಿ ಹೋದರೆ ಜಾರುತ್ತದೆ. ಓರೆಯಾಗಿ ಹೋದೆ. ಎರಡನೆಯ ಸಲ ಬಿದ್ದೆ. ಮೊಣಕೈ ತರಚಿದ್ದು ಅಲ್ಲಿ. ಅಕ್ಕ ನೀರು ಕೊಟ್ಟಳು, ಗಾಯ ನೋಡಿದಳು, "ಅತ್ತಿಗೆ ಕೇಳಿದ್ರೆ ನಾನು ನಿಮ್ಮನ್ನ ನೋಡೇ ಇಲ್ಲ" ಎಂದಳು.

ಆಮೇಲೆ ಕಲ್ಲುಮೆಟ್ಟಿಲು ಬಂತು.

ಮೂರು ವರ್ಷದ ಹಿಂದೆ ಸ್ಪರ್ಧೆಯಲ್ಲಿ ನೀನು ಬಿದ್ದ ಜಾಗವನ್ನು ನಾನು ಅವತ್ತು ಕೆಳಗಿನಿಂದ ಹತ್ತಿ ಬಂದು ನೋಡಿದ್ದೆ. ಸೈಕಲ್ ಮೇಲೆ ಕೂತು, ಮೇಲಿನಿಂದ ನೋಡಿರಲಿಲ್ಲ. ಹದಿನಾಲ್ಕು ಬಂಡೆಗಳು, ಒಂದೊಂದೂ ಮೊಣಕಾಲೆತ್ತರ. ಕೊನೆಯ ಬಂಡೆಯಾದ ಮೇಲೆ ಬಲಕ್ಕೆ ತಿರುವು, ತಿರುವಿನಾಚೆ ಬರೀ ಗಾಳಿ. ನಾನು ಇಳಿದೆ. ಸೈಕಲನ್ನು ಹೆಗಲಿಗೆ ಹಾಕಿಕೊಂಡು ಒಂದೊಂದೇ ಬಂಡೆ ಇಳಿದು ಕೆಳಗೆ ತಲುಪಿದೆ. ಮೂರನೆಯ ಸಲ ಕೂತದ್ದು ಅಲ್ಲಿ. ಎಲ್ಲ ಬ್ರೇಕೂ ಸರಿಯಿರುವ ಸೈಕಲ್ ಇಟ್ಟುಕೊಂಡು ನಿನ್ನಪ್ಪ ಅಲ್ಲಿ ಅದನ್ನು ಓಡಿಸಲಿಲ್ಲ. ಇದನ್ನು ನೀನು ಶಾಲೆಯ ಮಕ್ಕಳಿಗೆ ಹೇಳಬಹುದು.

ಅಕ್ಕ ಪಕ್ಕದಲ್ಲಿ ಕೂತಳು. ನಾನು ಕೇಳಿದೆ: "ಅವತ್ತು ಮೊದಲು ಅವಳ ಹತ್ರ ಬಂದೋಳು ನೀನೇ ಅಲ್ವಾ?"

"ಹೌದು. ಆ ಮರದ ಹತ್ರ ನಿಂತಿದ್ದೆ."

"ಅವಳು ಬ್ರೇಕ್ ಹಿಡೀಲಿಲ್ಲ ಅಂತಾರೆ."

"ಯಾರು ಅಂತಾರೆ?"

"ಸ್ಪರ್ಧೆಯವರು ಬರೆದಿದ್ರು. ಪೇಪರಲ್ಲೂ ಬಂದಿತ್ತು."

"ನಾನು ಪೇಪರ್ ಓದಲ್ಲ ಅಣ್ಣಾ" ಎಂದಳು. "ನಾನು ಕಣ್ಣಲ್ಲಿ ನೋಡಿದ್ದು ಹೇಳ್ತೀನಿ. ಅವಳನ್ನ ಎತ್ತುವಾಗ ಹ್ಯಾಂಡಲ್ ಇನ್ನೂ ಕೈಯಲ್ಲೇ ಇತ್ತು. ಎರಡೂ ಕೈಯ ಬೆರಳು, ಒಂದೊಂದು, ಬ್ರೇಕಿನ ಲಿವರ್ ಮೇಲೆ ಮಡಚ್ಕೊಂಡಿದ್ವು. ನಾನೇ ಬಿಡಿಸಿದ್ದು. ಬಲಗೈ ಬೆರಳು ಬಿಡಿಸೋಕೆ ಎಷ್ಟು ಹೊತ್ತು ಹಿಡೀತು ಗೊತ್ತಾ? ಹಿಡಿದಿದ್ದಾಳೆ, ಜೀವ ಹೋಗೋ ಹಾಗೆ ಹಿಡಿದಿದ್ದಾಳೆ."

"ಮತ್ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಸೈಕಲ್ ಮೇಲಿದ್ದೋಳು ಬ್ರೇಕ್ ಹಿಡಿದಿದ್ಳು ಅಂತ ಹೇಳೋಕೆ ನಾನು ಪೇಟೆಗೆ ಬರ್ಬೇಕಿತ್ತಾ?"

ಬಿದ್ದ ಹೊಡೆತಕ್ಕೆ ಆ ಒಂದು ನಿಮಿಷ ನಿನ್ನ ನೆನಪಿನಲ್ಲಿ ಇಲ್ಲ. ಆದ್ದರಿಂದ ಬರೆದವರು ಬರೆದದ್ದನ್ನು ನೀನು ನಂಬಿದೆ. ಈಗ ನೋಡಿದವಳ ಮಾತು ಬಂದಿದೆ. ನಿನ್ನ ಬಲಗೈ ಮುಂದಿನ ಬ್ರೇಕ್ ಹಿಡಿದಿತ್ತು. ನೀನು ಹೆದರಿದ್ದಿರಬಹುದು, ಆ ಜಾಗದಲ್ಲಿ ಹೆದರದವರು ಯಾರೂ ಇರಲಾರರು, ಆದರೆ ಮರೆತಿರಲಿಲ್ಲ.

ಮಿಕ್ಕ ದಾರಿ ಸುಲಭವಿತ್ತು. ಹುಲ್ಲಿನ ಇಳಿಜಾರು, ಒಂದು ಮರದ ಸೇತುವೆ, ಗೇಟು. ಗೇಟಿನ ಬಳಿ ಅಮ್ಮ ಛತ್ರಿ ಹಿಡಿದು ನಿಂತಿದ್ದಳು. ಎಂಟೂವರೆಯಿಂದ ಕಾಯುತ್ತಿದ್ದಳಂತೆ. ಬೈಯಲಿಲ್ಲ. ನನ್ನ ಹೆಲ್ಮೆಟ್ ತೆಗೆದು, ತಲೆ ಸವರಿ ನೋಡಿ, "ಒಳಗಿರೋದು ಅಲ್ಲಾಡಿಲ್ಲ ತಾನೇ? ಮೊದ್ಲೇ ಕಮ್ಮಿ" ಎಂದಳು. ಅಕ್ಕನಿಗೆ ಮನೆಯಲ್ಲಿ ಊಟ ಹಾಕಿ ಕಳಿಸಿದಳು.

ನಿನ್ನ ಮಣಿಕಟ್ಟು ಚಳಿಗೆ ನೋಯುತ್ತದೆಯೇ, ಬರೆ. ಗಾಜು ಉಜ್ಜುವಾಗ ನಡುನಡುವೆ ಎದ್ದು ದೂರ ನೋಡು, ಕಣ್ಣಿಗೆ ಒಳ್ಳೆಯದು. ನಿನ್ನ ಕೈ ಹಿಡಿದದ್ದು ಗಟ್ಟಿಯಾಗಿರಲಿ, ಕಾಲಿಟ್ಟಲ್ಲಿ ನೆಲ ಸಿಗಲಿ, ರಾತ್ರಿ ಒಳ್ಳೆಯ ನಿದ್ದೆ ಬರಲಿ ಮಗಳೇ. ಅಮ್ಮ ಬೇರೆ ಬರೆಯುತ್ತಾಳಂತೆ, ಈ ಪತ್ರದಲ್ಲಿ ಜಾಗ ಕೇಳಲಿಲ್ಲ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಮೇಲಿನದನ್ನೆಲ್ಲ ಬರೆದು, ಮಡಚಿ, ಅಂಟಿಸುವ ಮುನ್ನ ಮತ್ತೆ ಬಿಡಿಸಿದ್ದೇನೆ.

ನೀನು ಬ್ರೇಕ್ ಹಿಡಿದಿದ್ದರೆ ಮುಂದಿನ ಚಕ್ರ ಯಾಕೆ ನಿಲ್ಲಲಿಲ್ಲ ಎಂದು ಇಷ್ಟರಲ್ಲಿ ನೀನು ಕೇಳುತ್ತಿರುತ್ತೀಯ. ನನಗೆ ಗೊತ್ತು. ಮೂರು ವರ್ಷದಿಂದ ಗೊತ್ತು.

ಕೆಲಸ ಮುಗಿಯದ ಸೈಕಲ್‌ನ ಹ್ಯಾಂಡಲ್‌ಗೆ ನಮ್ಮ ಅಂಗಡಿಯಲ್ಲಿ ಕೆಂಪು ಬಟ್ಟೆ ಕಟ್ಟುತ್ತೇವೆ. ಕಟ್ಟಿದವನೇ ಬಿಚ್ಚಬೇಕು, ಬಿಚ್ಚುವ ಮುನ್ನ ಬೋಲ್ಟ್‌ಗಳನ್ನೆಲ್ಲ ಇನ್ನೊಂದು ಸಲ ಬಿಗಿಯಬೇಕು. ನಿನಗೆ ಎಂಟು ವರ್ಷವಿದ್ದಾಗ ಕಲಿಸಿದ್ದೆ. ಸ್ಪರ್ಧೆಯ ಬೆಳಿಗ್ಗೆ ನಾನು ಮುಂದಿನ ಬ್ರೇಕಿನ ಪ್ಯಾಡ್ ಬದಲಿಸಿ, ಆ ಬ್ರೇಕನ್ನು ಹಿಡಿದಿಡುವ ಎರಡು ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಿದ್ದೆ. ಚಕ್ರ ನೇರ ಕೂತ ಮೇಲೆ ಸ್ಪ್ಯಾನರ್ ಹಾಕೋಣವೆಂದು ಬಟ್ಟೆ ಕಟ್ಟಿದ್ದೆ. ಅಷ್ಟರಲ್ಲಿ ಪೇಪರಿನ ಫೋಟೊಗ್ರಾಫರ್ ಬಂದ. ನೀನು ಸೈಕಲ್ ಹಿಡಿದು ನಿಂತೆ. ಆ ಎಣ್ಣೆ ಬಟ್ಟೆ ಚಿತ್ರದಲ್ಲಿ ಚೆನ್ನಾಗಿ ಕಾಣದು ಎಂದು ನಾನೇ ಬಿಚ್ಚಿದೆ. ಮಗಳ ಚಿತ್ರ ಪೇಪರಿನಲ್ಲಿ ಬರುತ್ತದೆ ಎಂಬ ಸಂಭ್ರಮ. ಚಿತ್ರ ತೆಗೆದಾಯಿತು, ಹೆಸರು ನೋಂದಾಯಿಸಲು ಹೊತ್ತಾಯಿತೆಂದು ನೀನು ಸೈಕಲ್ ವ್ಯಾನಿಗೆ ಹಾಕಿದೆ. ಬಟ್ಟೆ ಇರಲಿಲ್ಲ, ಆದ್ದರಿಂದ ಕೆಲಸ ಮುಗಿದಿದೆ ಎಂದು ನೀನು ಅಂದುಕೊಂಡೆ. ನೀನು ನನ್ನನ್ನು ನಂಬಿದ್ದೆ. ಒಂದು ಬೋಲ್ಟ್ ದಾರಿಯ ಕುಲುಕಾಟಕ್ಕೆ ಎಲ್ಲೋ ಬಿದ್ದುಹೋಗಿತ್ತು. ಇನ್ನೊಂದು ನೇತಾಡುತ್ತಿತ್ತು.

ನಿನ್ನನ್ನು ಆಸ್ಪತ್ರೆಗೆ ಸಾಗಿಸಿದ ಮೇಲೆ ನಾನು ಸೈಕಲನ್ನು ಅಂಗಡಿಗೆ ತಂದು ಹೊಸ ಬೋಲ್ಟ್ ಹಾಕಿ ಬಿಗಿದೆ. ಮರುದಿನ ಸ್ಪರ್ಧೆಯವರು ನೋಡಿದ್ದು ಸರಿಯಿರುವ ಬ್ರೇಕನ್ನು. ಅವರು ಬರೆದದ್ದು ಅವರಿಗೆ ಕಂಡದ್ದನ್ನು. ಸುಳ್ಳು ಮಾಡಿದವನು ನಾನು. ಮೊದಲ ವಾರ ನಿನಗೆ ಹುಷಾರಾಗಲಿ ಎಂದುಕೊಂಡೆ. ಆಮೇಲೆ ನೀನು ಊರು ಬಿಡುವ ಮುನ್ನ ಹೇಳೋಣ ಎಂದುಕೊಂಡೆ. ಆಮೇಲೆ ನೀನು ಆ ಮಾತನ್ನು ನಂಬಿಬಿಟ್ಟಿದ್ದೆ, ನನಗೆ ಬಾಯಿ ಬರಲಿಲ್ಲ. ಭಾನುವಾರ ಅಕ್ಕ ಹೇಳುವಾಗ ಕೂಡ, ಮತ್ಯಾಕೆ ಹೇಳಲಿಲ್ಲ ಎಂದು ಅವಳನ್ನೇ ಕೇಳಿದೆ.

ಅಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಮೂರು ತಿಂಗಳು ಅವಳ ಮಂಚದ ಪಕ್ಕ ಕೂತು, 'ಪರವಾಗಿಲ್ಲ ಬಿಡು, ಎಲ್ರೂ ತಪ್ಪು ಮಾಡ್ತಾರೆ' ಅಂತ ಅವಳ ತಲೆ ನೇವರಿಸ್ತಿದ್ರಲ್ಲ, ಯಾರ ತಪ್ಪಿಗ್ರೀ?" ಎಂದಳು. ಆಮೇಲೆ ಕಚೇರಿಗೆ ಹೋದಳು. ಊಟಕ್ಕೂ ಬಂದಿಲ್ಲ.

ಸ್ಪರ್ಧೆಯವರಿಗೂ ಪೇಪರಿನವರಿಗೂ ಇದೇ ಮಾತನ್ನು ಬೇರೆ ಬೇರೆ ಪತ್ರದಲ್ಲಿ ಬರೆದಿದ್ದೇನೆ. ಮೂರೂ ಇವತ್ತಿನ ನಾಲ್ಕು ಗಂಟೆಯ ಟಪಾಲಿಗೆ ಹೋಗುತ್ತವೆ. ನಿನಗೆ ಗುರುವಾರ ತಲುಪುತ್ತದೆ.

ನಾನು ಶುಕ್ರವಾರ ಮಧ್ಯಾಹ್ನ ಎರಡು ಹತ್ತರ ಬಸ್ಸಿಗೆ ಹೊರಟು, ಐದೂಮುಕ್ಕಾಲಿಗೆ ನಿನ್ನ ಊರಿನ ನಿಲ್ದಾಣದಲ್ಲಿ ಇಳಿಯುತ್ತೇನೆ.